ಸೀಸೆಯ ಮೇಲಿನ ಹೆಸರು



ಮನೆಯಲ್ಲಿ ಯಾರಿಗಾದರೂ ನಾಲ್ಕು ದಿನ ಜ್ವರ ಬಿಡದೆ ಕಾದರೆ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ಎದೆಗೆ ಕೊಳವೆಯಿಟ್ಟು ಕೇಳಿ, ಕೊನೆಗೊಂದು ಚೀಟಿ ಬರೆದುಕೊಡುತ್ತಾರೆ: ‘ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ.’ ಆ ಚೀಟಿ ಹಿಡಿದುಕೊಂಡು ನಾವು ಪ್ರಯೋಗಶಾಲೆಗೆ, ಎಂದರೆ ಎಲ್ಲರೂ ಲ್ಯಾಬ್ ಎಂದು ಕರೆಯುವ ಸ್ಥಳಕ್ಕೆ, ಹೋಗುತ್ತೇವೆ. ಅಲ್ಲಿ ಸೂಜಿ ಚುಚ್ಚುತ್ತಾರೆ. ನಾವು ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತೇವೆ. ಹತ್ತಿಯನ್ನು ಒತ್ತಿ ಹಿಡಿದುಕೊಂಡು, ದುಡ್ಡು ಕಟ್ಟಿ, ಮನೆಗೆ ಬರುತ್ತೇವೆ. ಸಂಜೆಗೆ ವರದಿ ಕೈಗೆ ಬರುತ್ತದೆ. ಈಚೆಗಂತೂ ಮೊಬೈಲ್ ಫೋನಿಗೇ ಬರುತ್ತದೆ. ಸಾಲಾಗಿ ಅಚ್ಚಾದ ಅಂಕಿಗಳು, ಪಕ್ಕದಲ್ಲಿ ಇರಬೇಕಾದ ಪ್ರಮಾಣ, ಕೆಳಗೆ ಸಹಿ. ಇಷ್ಟು ಅಚ್ಚುಕಟ್ಟಾದ ಕಾಗದ ತಪ್ಪು ಹೇಳೀತು ಎಂದು ಯಾರಿಗೂ ಅನ್ನಿಸುವುದಿಲ್ಲ.

ಆದರೆ ಆ ಕಾಗದ ನಮಗೆ ಎರಡು ಸಂಗತಿಗಳನ್ನು ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಈ ರಕ್ತದಲ್ಲಿ ಸಕ್ಕರೆ ಇಷ್ಟಿದೆ ಎಂಬುದು ಒಂದು. ಈ ರಕ್ತ ಇಂಥವರದು ಎಂಬುದು ಇನ್ನೊಂದು. ಮೊದಲನೆಯದನ್ನು ಯಂತ್ರ ಹೇಳುತ್ತದೆ, ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತದೆ. ಎರಡನೆಯದನ್ನು ಯಾವ ಯಂತ್ರವೂ ಹೇಳಲಾರದು. ಕೊಳವೆಯೊಳಗಿನ ರಕ್ತಕ್ಕೆ ತನ್ನ ಒಡೆಯನ ಹೆಸರು ಗೊತ್ತಿಲ್ಲ. ಅದನ್ನು ಹೇಳುವುದು ಕೊಳವೆಗೆ ಅಂಟಿಸಿದ ಎರಡು ಬೆರಳಗಲದ ಚೀಟಿ. ಎರಡನೆಯ ಸಂಗತಿ ತಪ್ಪಾಯಿತೆಂದರೆ ಮೊದಲನೆಯದು ಎಷ್ಟು ಸರಿಯಾಗಿದ್ದರೂ ವ್ಯರ್ಥ. ಇಂದು ಆ ಸಣ್ಣ ಚೀಟಿಯ ವಿಚಾರವಾಗಿ, ಮತ್ತು ಮಾದರಿಯನ್ನು ಸರಿಯಾಗಿ ಕೊಡುವ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದು ದಾದಿಯರಿಗೂ ಪ್ರಯೋಗಶಾಲೆಯವರಿಗೂ ಸೇರಿದ ವಿಷಯ, ನಮಗೇನು ಎಂದು ನೀವು ಕೇಳಬಹುದು. ನಮಗೂ ಇದರಲ್ಲಿ ಸಾಕಷ್ಟು ಪಾಲಿದೆ ಎಂಬುದೇ ನನ್ನ ವಾದ.

ಪ್ರಯೋಗಶಾಲೆಯ ತಪ್ಪು ಎಂದೊಡನೆ ಯಂತ್ರ ಕೆಟ್ಟಿರಬೇಕು, ಇಲ್ಲವೇ ಔಷಧ ಹಳೆಯದಾಗಿರಬೇಕು ಎಂದು ನಾವು ಊಹಿಸುತ್ತೇವೆ. ಲೆಕ್ಕ ಹಾಕಿ ನೋಡಿದವರು ಹೇಳುವುದೇ ಬೇರೆ. ಇಟಲಿಯ ಪಡೋವಾ ನಗರದ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕಂಡುಬಂದ ತಪ್ಪುಗಳನ್ನು ಒಂದೊಂದಾಗಿ ಹುಡುಕಿ ವಿಂಗಡಿಸಿ 1997ರಲ್ಲಿ ಪ್ರಕಟಿಸಿದರು. ನೂರು ತಪ್ಪುಗಳಲ್ಲಿ ಸುಮಾರು 68 ತಪ್ಪುಗಳು ಮಾದರಿ ಯಂತ್ರವನ್ನು ಮುಟ್ಟುವುದಕ್ಕೆ ಮೊದಲೇ ಆಗಿದ್ದವು. ಪರೀಕ್ಷೆ ನಡೆಯುವಾಗ ಆದವು ಸುಮಾರು 13 ಮಾತ್ರ. ಉಳಿದವು ವರದಿಯನ್ನು ಬರೆಯುವಾಗ, ಕಳುಹಿಸುವಾಗ ಆದವು. ಹತ್ತು ವರ್ಷ ಕಳೆದು ಅದೇ ಊರಿನಲ್ಲಿ ಮತ್ತೆ ಎಣಿಸಿದಾಗಲೂ ದೊಡ್ಡ ಪಾಲು ಮೊದಲ ಹಂತದ್ದೇ ಆಗಿತ್ತು. ಮೊದಲ ಹಂತ ಎಂದರೆ ಯಾವುದು? ಹಾಸಿಗೆಯ ಪಕ್ಕ, ಪ್ರಯೋಗಶಾಲೆಯ ಮುಂಗಟ್ಟೆ, ನಮ್ಮ ಮನೆಯ ಬಚ್ಚಲು, ಸೀಸೆ ಹಿಡಿದು ಹೋಗುವ ದಾರಿ. ಅಲ್ಲೆಲ್ಲ ಇರುವವರು ನಾವೇ.

ಒಂದು ಮನೆಯನ್ನು ಊಹಿಸಿಕೊಳ್ಳಿ. ಅತ್ತೆಗೂ ಸೊಸೆಗೂ ಒಂದೇ ದಿನ ಸಕ್ಕರೆಯ ಪರೀಕ್ಷೆ. ಪ್ರಯೋಗಶಾಲೆಯ ಹುಡುಗ ಬೆಳಗ್ಗೆ ಸ್ಕೂಟರಿನಲ್ಲಿ ಮನೆಗೇ ಬಂದು, ಇಬ್ಬರ ರಕ್ತವನ್ನೂ ತೆಗೆದು, ಎರಡು ಕೊಳವೆಗಳನ್ನು ಜೇಬಿಗಿಳಿಸಿ, ‘ಹೆಸರನ್ನು ಆಮೇಲೆ ಅಂಟಿಸುತ್ತೇನೆ’ ಎಂದು ಹೊರಟುಹೋಗುತ್ತಾನೆ. ಅಂಟಿಸುವಾಗ ಅತ್ತೆಯ ಹೆಸರು ಸೊಸೆಯ ಕೊಳವೆಗೆ ಬಿತ್ತು ಎನ್ನಿ. ಆಗ ಆಗುವ ತಪ್ಪು ಒಂದಲ್ಲ, ಎರಡು. ಸಕ್ಕರೆ ಕಾಯಿಲೆ ಇರುವ ಅತ್ತೆಗೆ ‘ಏನೂ ಇಲ್ಲ’ ಎಂಬ ವರದಿ ಬರುತ್ತದೆ. ಅವರು ನೆಮ್ಮದಿಯಾಗಿ ಪಾಯಸ ಉಣ್ಣುತ್ತಾರೆ. ಏನೂ ಇಲ್ಲದ ಸೊಸೆ ಮಾತ್ರೆ ನುಂಗತೊಡಗುತ್ತಾಳೆ. ಮಾತ್ರೆಯಿಂದ ಸಕ್ಕರೆ ಇಳಿದು, ಬೆವರಿ, ಒಂದು ದಿನ ಅಡುಗೆಮನೆಯಲ್ಲಿ ಕುಸಿದುಬೀಳುತ್ತಾಳೆ. ಯಂತ್ರ ಎರಡು ಕೊಳವೆಗಳನ್ನೂ ಸರಿಯಾಗಿಯೇ ಅಳೆದಿತ್ತು. ಅದರ ಮೇಲೆ ಯಾವ ಅಪವಾದವನ್ನೂ ಹೊರಿಸುವಂತಿಲ್ಲ.

ಇದಕ್ಕಿಂತ ಘೋರವಾದದ್ದು ರಕ್ತ ಕೊಡಿಸುವಾಗ ಆಗುವ ಅದಲುಬದಲು. ಮನುಷ್ಯರ ರಕ್ತವೆಲ್ಲ ನೋಡುವುದಕ್ಕೆ ಒಂದೇ ಬಣ್ಣ. ಆದರೆ ಒಬ್ಬರ ರಕ್ತ ಇನ್ನೊಬ್ಬರ ರಕ್ತದೊಡನೆ ಕೆಲವು ವೇಳೆ ಹೊಂದುವುದಿಲ್ಲ, ಅದರಲ್ಲಿ ಗುಂಪುಗಳಿವೆ ಎಂಬುದನ್ನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ಪ್ರಕಟಿಸಿದರು. ಅದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಎ ಗುಂಪಿನವರ ರಕ್ತದ ದ್ರವದಲ್ಲಿ ಬಿ ಗುಂಪಿನ ಕಣಗಳನ್ನು ನಾಶಮಾಡುವ ವಸ್ತು ಹುಟ್ಟಿನ ಮೊದಲ ವರ್ಷದೊಳಗಾಗಿಯೇ ಮೂಡತೊಡಗಿರುತ್ತದೆ. ಎ ಗುಂಪಿನವರಿಗೆ ಬಿ ಗುಂಪಿನ ರಕ್ತ ಏರಿಸಿದರೆ ಆ ಕಣಗಳು ರಕ್ತನಾಳದೊಳಗೇ ಒಡೆಯುತ್ತವೆ. ಚಳಿಜ್ವರ, ಸೊಂಟನೋವು, ಕೆಂಪಾದ ಮೂತ್ರ, ಮೂತ್ರಪಿಂಡದ ಸೋಲು, ಒಮ್ಮೊಮ್ಮೆ ಮರಣ. ಇಡೀ ಚೀಲ ಏರಬೇಕೆಂದಿಲ್ಲ, ಅಲ್ಪ ಪ್ರಮಾಣವೇ ಸಾಕಾದೀತು.

ಹಾಗಾಗದಿರಲೆಂದೇ ರಕ್ತನಿಧಿಯವರು ರೋಗಿಯ ರಕ್ತದ ಮಾದರಿಯನ್ನು ತರಿಸಿಕೊಂಡು, ಗುಂಪು ನೋಡಿ, ದಾನಿಯ ರಕ್ತದೊಡನೆ ಬೆರೆಸಿ ಹೊಂದಿಕೆಯನ್ನು ಪರೀಕ್ಷಿಸುತ್ತಾರೆ. ಅವರಿಗೆ ಬಂದ ಕೊಳವೆ ಪಕ್ಕದ ಹಾಸಿಗೆಯವರದಾಗಿದ್ದರೆ? ಪರೀಕ್ಷೆ ಸರಿಯಾಗಿಯೇ ನಡೆಯುತ್ತದೆ, ರಕ್ತವೂ ಸರಿಯಾಗಿಯೇ ಹೊಂದುತ್ತದೆ, ಪಕ್ಕದ ಹಾಸಿಗೆಯವರಿಗೆ! ಹತ್ತು ದೇಶಗಳ ಆಸ್ಪತ್ರೆಗಳಲ್ಲಿ ರಕ್ತನಿಧಿಗೆ ಬಂದ ಮಾದರಿಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸುಮಾರು 2,000 ಕೊಳವೆಗಳಿಗೆ ಒಂದರೊಳಗೆ ಚೀಟಿಯ ಮೇಲೆ ಹೆಸರಿದ್ದವರ ರಕ್ತ ಇರಲಿಲ್ಲ, ಬೇರೊಬ್ಬರದಿತ್ತು. ಆದಕಾರಣವೇ ಈಗ ಹಲವು ಕಡೆ, ತುರ್ತಿಲ್ಲದಾಗ, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಮಾದರಿಗಳ ಗುಂಪು ತಾಳೆಯಾದ ಮೇಲೆಯೇ ರಕ್ತ ಕೊಡುತ್ತಾರೆ. ‘ಬೆಳಗ್ಗೆ ತಾನೆ ತೆಗೆದಿರಿ, ಮತ್ತೆ ಯಾಕೆ ಚುಚ್ಚುತ್ತೀರಿ?’ ಎಂದು ನಾವು ಸಿಡಿಮಿಡಿಗೊಳ್ಳುವುದುಂಟು. ಆ ಎರಡನೆಯ ಚುಚ್ಚು ನಮ್ಮವರ ಪ್ರಾಣಕ್ಕೆ ಹಾಕಿದ ಎರಡನೆಯ ಅಗುಳಿ ಎಂದು ತಿಳಿಯಬೇಕು.

ನಮ್ಮ ಊರುಗಳಲ್ಲಿ ಇನ್ನೊಂದು ಪದ್ಧತಿ ಉಂಟು. ‘ರಕ್ತ ಬೇಕು, ತೆಗೆದುಕೊಂಡು ಬನ್ನಿ’ ಎಂದು ಕೊಳವೆಯನ್ನೂ ಚೀಟಿಯನ್ನೂ ರೋಗಿಯ ಕಡೆಯವರ ಕೈಗೇ ಕೊಟ್ಟು ಕಳುಹಿಸುತ್ತಾರೆ. ತಮ್ಮನೋ ಮೈದುನನೋ ಆಟೋ ಹತ್ತಿ ಓಡುತ್ತಾನೆ. ಓಡುವ ಮೊದಲು ಅರ್ಧ ನಿಮಿಷ ನಿಂತು ಕೊಳವೆಯ ಮೇಲಿನ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು ಇವು ಚೀಟಿಯಲ್ಲಿರುವುದಕ್ಕೆ ಅಕ್ಷರಶಃ ಹೊಂದುತ್ತವೆಯೇ ಎಂದು ಓದಿ ನೋಡಬೇಕು. ಹೊಂದದಿದ್ದರೆ ಅಲ್ಲಿಯೇ ದಾದಿಗೆ ತೋರಿಸಬೇಕು. ದಾರಿಯಲ್ಲಿ ನಾವೇ ಪೆನ್ನು ತೆಗೆದು ತಿದ್ದಬಾರದು. ತಿದ್ದಿದ ಚೀಟಿಯನ್ನು ರಕ್ತನಿಧಿಯವರು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಇನ್ನು ಹೆಸರಿನ ವಿಚಾರ. ಹೆಸರು ಬರೆದರಾಯಿತಲ್ಲ ಎಂದರೆ ಆಗಲಿಲ್ಲ. ಹಾಸನ, ಮಂಡ್ಯದ ಕಡೆಯ ಒಂದು ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮನವರು, ಧಾರವಾಡ, ಗದಗಿನ ಕಡೆಯ ಒಂದು ವಾರ್ಡಿನಲ್ಲಿ ಇಬ್ಬರು ಬಸವರಾಜರು ಇರುವುದು ಸೋಜಿಗವೇನಲ್ಲ. ಮನೆಯಲ್ಲಿ ಪುಟ್ಟಮ್ಮ ಎಂದು ಕರೆಯುವವರು ಶಾಲೆಯ ದಾಖಲೆಯಲ್ಲಿ ಸರಸ್ವತಿಯಾಗಿರುತ್ತಾರೆ. ಹೆಸರಿನ ಹಿಂದಿನ ಅಕ್ಷರಗಳು ಒಂದು ಕಾಗದದಲ್ಲಿ ಊರಿನದು, ಇನ್ನೊಂದರಲ್ಲಿ ತಂದೆಯದು. ಮದುವೆಯಾದ ಮೇಲೆ ಕೆಲವರದು ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಹೆಸರನ್ನು ಮೂವರು ಮೂರು ಬಗೆಯಾಗಿ ಬರೆಯುತ್ತಾರೆ. ಆದ್ದರಿಂದ ಕನಿಷ್ಠ ಎರಡು ಗುರುತುಗಳಾದರೂ ಬೇಕು, ಅವುಗಳಲ್ಲಿ ಯಾವುದೂ ಕೋಣೆಯ ನಂಬರು ಆಗಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಸೂಚನೆಯಲ್ಲಿ ಹೇಳಿದೆ. ಕೋಣೆ ಇಂದು ಇವರದು, ನಾಳೆ ಇನ್ನೊಬ್ಬರದು. ಪೂರ್ಣ ಹೆಸರಿನೊಡನೆ ಹುಟ್ಟಿದ ದಿನಾಂಕ ಅಥವಾ ಆಸ್ಪತ್ರೆಯ ನಂಬರು ಇದ್ದರೆ ಲೇಸು. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆ ಆಸ್ಪತ್ರೆಯ ನಂಬರಂತೂ ಇದ್ದೇ ಇರುತ್ತದೆ. ತಂದೆಯ ಇಲ್ಲವೆ ಗಂಡನ ಹೆಸರನ್ನೂ ಕೂಡಿಸಬಹುದು.

ಈಗ ಫೋನ್ ನಂಬರನ್ನೇ ಗುರುತಾಗಿ ಕೇಳುವ ವಾಡಿಕೆ ಬಂದಿದೆ. ಅದರಲ್ಲಿ ಒಂದು ತೊಡಕಿದೆ. ಮನೆಯ ಐದು ಮಂದಿಗೂ ಮಗನ ಫೋನ್ ನಂಬರನ್ನೇ ಕೊಟ್ಟಿರುತ್ತೇವೆ. ಆ ನಂಬರು ಮನೆಯನ್ನು ತೋರಿಸೀತೇ ಹೊರತು ಮನೆಯೊಳಗಿನ ಮನುಷ್ಯನನ್ನು ತೋರಿಸುವುದಿಲ್ಲ. ಅದು ವರದಿ ಕಳುಹಿಸುವುದಕ್ಕೆ ಇರಲಿ, ಗುರುತಿಗೆ ಬೇರೆಯದೇ ಇರಲಿ. ಹಸುಗೂಸಿನ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಅದಕ್ಕಿನ್ನೂ ಹೆಸರಿಟ್ಟಿರುವುದಿಲ್ಲ; ತಾಯಿಯ ಹೆಸರಿನಿಂದಲೇ ಸೀಸೆಗೆ ಚೀಟಿ ಬರೆಯುತ್ತಾರೆ. ಆಗ ‘ಇಂಥವರ ಮಗು’ ಎಂಬುದು ಸ್ಪಷ್ಟವಾಗಿರಬೇಕು. ಇಲ್ಲವಾದರೆ ತಾಯಿಯ ವರದಿ ಮಗುವಿಗೂ ಮಗುವಿನದು ತಾಯಿಗೂ ಹೋದೀತು. ಅವಳಿಗಳಾದರೆ ಮೊದಲನೆಯದೋ ಎರಡನೆಯದೋ ಎಂಬುದೂ ಬೇಕು.

ಚೀಟಿಯನ್ನು ಯಾವಾಗ ಅಂಟಿಸಬೇಕು, ಎಲ್ಲಿ ಅಂಟಿಸಬೇಕು? ರಕ್ತ ತೆಗೆದ ಮೇಲೆ, ರೋಗಿಯ ಎದುರಿನಲ್ಲಿಯೇ, ತೆಗೆದವರೇ ಅಂಟಿಸಬೇಕು. ಮೊದಲೇ ಹತ್ತು ಖಾಲಿ ಕೊಳವೆಗಳಿಗೆ ಹತ್ತು ಹೆಸರು ಬರೆದಿಟ್ಟುಕೊಂಡರೆ ಕೈಗೆ ಸಿಕ್ಕಿದ್ದು ಯಾವುದೋ ಆಗುತ್ತದೆ. ಆಮೇಲೆ ಮೇಜಿನ ಬಳಿ ಕುಳಿತು ಅಂಟಿಸಿದರೆ ನೆನಪು ಕೈಕೊಡುತ್ತದೆ. ಚೀಟಿ ಸೀಸೆಯ ಮೈಮೇಲೆ ಇರಬೇಕು, ಮುಚ್ಚಳದ ಮೇಲಲ್ಲ. ಪ್ರಯೋಗಶಾಲೆಯಲ್ಲಿ ಮುಚ್ಚಳಗಳನ್ನು ತೆಗೆದ ಮೇಲೆ ಯಾವ ಮುಚ್ಚಳ ಯಾವ ಸೀಸೆಯದು ಎಂದು ಹೇಳುವವರಾರು? ಗೆರೆಗೆರೆಯ ಬಾರ್‌ಕೋಡ್ ಚೀಟಿ ಬಂದಿರುವುದರಿಂದ ಓದುವ ತಪ್ಪು ಕಡಿಮೆಯಾಗಿದೆ, ನಿಜ. ಆದರೆ ಅದನ್ನು ಬೇರೊಬ್ಬರ ಕೊಳವೆಗೆ ಅಂಟಿಸಿದರೆ ಯಂತ್ರ ಆ ತಪ್ಪನ್ನೇ ಬಹಳ ಚೊಕ್ಕಟವಾಗಿ ಓದುತ್ತದೆ.

ಹೆಸರು ಕೇಳುವುದರಲ್ಲೂ ಒಂದು ಕ್ರಮವಿದೆ. ‘ನೀವು ಲಕ್ಷ್ಮಮ್ಮನವರಲ್ಲವೆ?’ ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಸೌಜನ್ಯಕ್ಕಾಗಿ ‘ಹೂಂ ಕಣಮ್ಮ’ ಎಂದುಬಿಡುತ್ತಾರೆ. ‘ನಿಮ್ಮ ಹೆಸರೇನಮ್ಮ? ವಯಸ್ಸೆಷ್ಟು?’ ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಬೇಕು. ಹಾಗೆ ಕೇಳುವ ದಾದಿಯ ಮೇಲೆ ನಾವು ಬೇಸರಿಸಬಾರದು. ‘ನಿನ್ನೆಯಿಂದ ನೂರು ಸಲ ಹೇಳಿದ್ದೇನೆ’ ಎನ್ನುವ ಬದಲು ನೂರೊಂದನೆಯ ಸಲವೂ ಹೇಳಬೇಕು. ಅವರು ಕೇಳದಿದ್ದರೆ ನಾವೇ ಹೇಳಬಹುದು: ‘ಅಮ್ಮ, ನಮ್ಮ ತಾಯಿಯವರ ಹೆಸರು ಇಂಥದು, ಸ್ವಲ್ಪ ಆ ಚೀಟಿ ತೋರಿಸುತ್ತೀರಾ?’ ಎಂದು ಮೃದುವಾಗಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪ್ರಜ್ಞೆಯಿಲ್ಲದವರು, ಮಕ್ಕಳು, ಮಾತು ಬಾರದವರು ಇವರ ಪರವಾಗಿ ಹೇಳುವುದಕ್ಕೆ ನಾವಲ್ಲದೆ ಇನ್ನಾರಿದ್ದಾರೆ?

ಹೆಸರಿನಷ್ಟೇ ಮುಖ್ಯವಾದದ್ದು ಹೊತ್ತು. ಖಾಲಿ ಹೊಟ್ಟೆಯ ರಕ್ತವೋ ಊಟವಾದ ಮೇಲಿನದೋ ಎಂಬುದನ್ನು ಬರೆಯದಿದ್ದರೆ ಸಕ್ಕರೆಯ ಅಂಕಿಗೆ ಅರ್ಥವೇ ಇಲ್ಲ. ಖಾಲಿ ಹೊಟ್ಟೆ ಎಂದರೆ ಎಂಟು ಗಂಟೆ ಕಾಲ ಬರಿಯ ನೀರಲ್ಲದೆ ಬೇರೇನೂ ಇಲ್ಲ. ‘ಅರ್ಧ ಲೋಟ ಕಾಫಿ ಅಷ್ಟೆ’ ಎನ್ನುವುದು ಈ ಲೆಕ್ಕಕ್ಕೆ ಸೇರುವುದಿಲ್ಲ. ಊಟವಾಗಿ ಎರಡು ಗಂಟೆ ಎಂದರೆ ಮೊದಲ ತುತ್ತಿನಿಂದ ಎಣಿಸಬೇಕು. ಮೈಯಿಂದ ಹೊರಬಂದ ರಕ್ತವೂ ಸುಮ್ಮನಿರುವುದಿಲ್ಲ. ಅದರ ಕಣಗಳು ಇನ್ನೂ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಹಾಗೆಯೇ ಬಿಟ್ಟರೆ ಗಂಟೆಗೆ ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿದುಹೋಗುತ್ತದೆ. ಅದನ್ನು ತಡೆಯಲೆಂದು ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಕೊಳವೆಯನ್ನು ಬಳಸುತ್ತಾರೆ.

ಮುಚ್ಚಳಗಳ ಬಣ್ಣ ಅಲಂಕಾರಕ್ಕಾಗಿ ಇಟ್ಟದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ರಕ್ತಕಣಗಳನ್ನು ಎಣಿಸುವುದಕ್ಕೆ ನೇರಳೆ ಮುಚ್ಚಳ. ಅದರೊಳಗಿನ ಲವಣ ರಕ್ತ ಹೆಪ್ಪುಗಟ್ಟದಂತೆ ಸುಣ್ಣದ ಅಂಶವನ್ನು ಹಿಡಿದಿಡುತ್ತದೆ. ರಕ್ತ ಹೆಪ್ಪುಗಟ್ಟುವ ವೇಗವನ್ನು ನೋಡುವುದಕ್ಕೆ ತಿಳಿನೀಲಿ. ಅದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಔಷಧವೆಂಬ ಲೆಕ್ಕವಿರುವುದರಿಂದ ಗೆರೆಯವರೆಗೂ ತುಂಬಲೇಬೇಕು. ನೇರಳೆಯದರಲ್ಲಿ ಹೆಚ್ಚಾಯಿತೆಂದು ಸ್ವಲ್ಪವನ್ನು ಇನ್ನೊಂದಕ್ಕೆ ಬಗ್ಗಿಸಿದರೆ, ಅದರ ಲವಣದಿಂದಾಗಿ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಸುಣ್ಣದ ಅಂಶ ಸುಳ್ಳಾಗಿ ಇಳಿಯುತ್ತದೆ. ಕೊಳವೆಯನ್ನು ಜೋರಾಗಿ ಕುಲುಕಿದರೂ ಹಾಗೆಯೇ. ರಕ್ತಕಣದೊಳಗಿನ ಪೊಟ್ಯಾಸಿಯಂ ಹೊರಗಿನ ದ್ರವದಲ್ಲಿರುವುದಕ್ಕಿಂತ ಇಪ್ಪತ್ತು ಪಾಲಿಗೂ ಹೆಚ್ಚು. ಕಣ ಒಡೆದರೆ ಅದೆಲ್ಲ ಹೊರಕ್ಕೆ ಬಂದು, ಗಟ್ಟಿಮುಟ್ಟಾದವನ ವರದಿಯೂ ವೈದ್ಯರನ್ನು ಗಾಬರಿಗೊಳಿಸುತ್ತದೆ. ಹನಿಹನಿಯಾಗಿ ಗ್ಲೂಕೋಸ್ ಏರುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಸಕ್ಕರೆ ಆಕಾಶಕ್ಕೇರಿರುತ್ತದೆ. ಇನ್ನೊಂದು ಕೈ ತೋರಿಸಿ ‘ಇದರಲ್ಲಿ ತೆಗೆಯಿರಿ’ ಎಂದು ಹೇಳುವಷ್ಟು ತಿಳಿವಳಿಕೆ ಪಕ್ಕದಲ್ಲಿ ಕುಳಿತವರಿಗೆ ಇದ್ದರೆ ಸಾಕು.

ರಕ್ತವನ್ನು ಬೇರೆಯವರು ತೆಗೆಯುತ್ತಾರೆ. ಮೂತ್ರ, ಮಲ, ಕಫಗಳನ್ನು ಹಿಡಿದು ಕೊಡುವವರು ನಾವು. ಅದಕ್ಕೆ ಪ್ರಯೋಗಶಾಲೆಯವರು ಕೊಟ್ಟ ಡಬ್ಬಿಯನ್ನೇ ಬಳಸಬೇಕು. ಮನೆಯಲ್ಲಿರುವ ಕೆಮ್ಮಿನ ಔಷಧದ ಸೀಸೆಯನ್ನು ತೊಳೆದು ಕೊಂಡೊಯ್ದರೆ, ತಳದಲ್ಲುಳಿದ ಪಾಕವೇ ಮೂತ್ರದಲ್ಲಿ ಸಕ್ಕರೆಯಾಗಿ ಕಂಡೀತು. ಮೂತ್ರದಲ್ಲಿರುವ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಾದರೆ, ನೀರಿನಿಂದ ಚೆನ್ನಾಗಿ ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. ಡಬ್ಬಿಯ ಒಳಗೆ ಬೆರಳು ಸೋಕಿಸಬಾರದು. ಎರಡು ಗಂಟೆಯೊಳಗೆ ತಲುಪಿಸಬೇಕು. ಆಗದಿದ್ದರೆ ತಂಪು ಪೆಟ್ಟಿಗೆಯಲ್ಲಿಡಬೇಕು. ಇಲ್ಲವಾದರೆ ಹತ್ತಿದ್ದ ಜೀವಿಗಳು ದಾರಿಯಲ್ಲೇ ಸಂಸಾರ ಹೂಡಿ ಸಾವಿರವಾಗುತ್ತವೆ.

ಇಪ್ಪತ್ತನಾಲ್ಕು ಗಂಟೆಯ ಮೂತ್ರ ಎಂದರೆ ಬಹುಮಂದಿಗೆ ಗೊಂದಲ. ಬೆಳಗ್ಗೆ ಆರು ಗಂಟೆಗೆ ಎದ್ದು ಮಾಡಿದ ಮೂತ್ರವನ್ನು ಚೆಲ್ಲಿಬಿಡಬೇಕು, ಏಕೆಂದರೆ ಅದು ಹಿಂದಿನ ರಾತ್ರಿಯ ಬಾಕಿ. ಅಲ್ಲಿಂದ ಮುಂದಕ್ಕೆ ಪ್ರತಿಯೊಂದನ್ನೂ ಕ್ಯಾನಿನಲ್ಲಿ ಕೂಡಿಸುತ್ತ, ಮರುದಿನ ಆರು ಗಂಟೆಯದನ್ನೂ ಸೇರಿಸಿ ಮುಗಿಸಬೇಕು. ಒಂದು ಸಲ ಮರೆತು ಬಚ್ಚಲಿಗೆ ಹೋಯಿತೆಂದರೆ ಮುಚ್ಚಿಡದೆ ಹೇಳಿ, ಮತ್ತೆ ಮೊದಲಿನಿಂದ ಹಿಡಿಯುವುದು ಮೇಲು. ಕ್ಯಾನಿನಲ್ಲಿ ಮೊದಲೇ ಏನಾದರೂ ದ್ರವ ಇದ್ದರೆ ಅದು ಆಮ್ಲವಿರಬಹುದು, ಚೆಲ್ಲಬಾರದು, ಮುಟ್ಟಬಾರದು. ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು ಎರಡನ್ನೂ ಕ್ಯಾನಿನ ಮೈಮೇಲೆ ಬರೆಯಬೇಕು.

ಕಫದ ವಿಚಾರಕ್ಕೆ ಬಂದರೆ ನಮ್ಮ ನಾಡಿನ ಒಂದು ಸಂಸ್ಥೆಯನ್ನು ನೆನೆಯಬೇಕು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. ಅದರ ಆರಂಭದ ವರ್ಷಗಳ ಕೆಲಸದ ಆಧಾರದ ಮೇಲೆ 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ರೂಪುಗೊಂಡಿತು. ದೊಡ್ಡ ಕ್ಷ-ಕಿರಣ ಯಂತ್ರ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿಯೂ, ಕೆಮ್ಮೆಂದು ಬಂದವರ ಕಫವನ್ನು ಸೂಕ್ಷ್ಮದರ್ಶಕದಿಂದ ನೋಡಿ ರೋಗವನ್ನು ಹಿಡಿಯಬಹುದು ಎಂಬುದು ಅದರ ತಿರುಳು. ಈಗ ಇನ್ನೂ ಚುರುಕಾದ ಯಂತ್ರಗಳು ಬಂದಿವೆ. ಆದರೆ ಡಬ್ಬಿಯಲ್ಲಿ ಕಫದ ಬದಲು ಎಂಜಲು ಇದ್ದರೆ ಯಾವ ಯಂತ್ರ ಏನು ಮಾಡೀತು? ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ಇಲ್ಲವೆ ತೆರೆದ ಕಿಟಕಿಯ ಬಳಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದುದನ್ನು ಡಬ್ಬಿಗೆ ಹಾಕಬೇಕು. ಬೆಳಗ್ಗೆ ಎದ್ದೊಡನೆ ಬರುವುದು ಎಲ್ಲಕ್ಕಿಂತ ಒಳ್ಳೆಯದು. ಎರಡು ವಾರ ಮೀರಿ ಕೆಮ್ಮಿದ್ದವರು ಈ ಪರೀಕ್ಷೆಯನ್ನು ತಡಮಾಡಬಾರದು. ಇಲ್ಲಿ ಡಬ್ಬಿಗಳು ಅದಲುಬದಲಾದರೆ, ರೋಗವಿದ್ದವನು ಔಷಧವಿಲ್ಲದೆ ಮನೆಗೆ ಹೋಗಿ, ಮಡಿಲಲ್ಲಿ ಕೂತ ಮೊಮ್ಮಗುವಿಗೂ ಹಂಚುತ್ತಾನೆ. ಇಲ್ಲದವನು ತಿಂಗಳುಗಟ್ಟಲೆ ಕಟುವಾದ ಮಾತ್ರೆಗಳನ್ನು ನುಂಗುತ್ತಾನೆ.

ಸೀಸೆಯ ಮೇಲೆ ಊರು, ದಿನ ಇವೆಲ್ಲ ಯಾಕೆ ಬೇಕು ಎಂಬುದಕ್ಕೆ ನಮ್ಮ ಮಲೆನಾಡಿನದೇ ಒಂದು ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಆಸುಪಾಸಿನ ಹಳ್ಳಿಗರಿಗೂ ಭಾರಿ ಜ್ವರ ಬಂತು. ಅಲ್ಲಿಂದ ತಂದ ಮಾದರಿಗಳಲ್ಲಿ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದುವರೆಗೆ ಲೋಕಕ್ಕೆ ತಿಳಿಯದಿದ್ದ ಒಂದು ವೈರಾಣುವನ್ನು ಕಂಡುಹಿಡಿದರು. ಅದು ಉಣುಗುಗಳಿಂದ ಹರಡುತ್ತದೆಂದು ಗೊತ್ತಾಯಿತು. ಇಂದು ನಾವು ಮಂಗನ ಕಾಯಿಲೆ ಎನ್ನುವ ಆ ರೋಗಕ್ಕೆ ವೈದ್ಯರ ಪುಸ್ತಕಗಳಲ್ಲಿ ಆ ಕಾಡಿನ ಹೆಸರೇ ನಿಂತಿದೆ. ಯಾವ ಕಾಡಿನದು, ಮಂಗನದೋ ಮನುಷ್ಯನದೋ, ಜ್ವರ ಬಂದ ಎಷ್ಟನೆಯ ದಿನದ್ದು ಎಂಬ ಗುರುತಿಲ್ಲದ ಸೀಸೆಯಿಂದ ಇಂಥ ತಿಳಿವಳಿಕೆ ಹುಟ್ಟುವುದು ಸಾಧ್ಯವೇ? ಜ್ವರದ ಪರೀಕ್ಷೆಗಳಲ್ಲಿ ಇಂದಿಗೂ ‘ಎಷ್ಟನೆಯ ದಿನ?’ ಎಂಬ ಪ್ರಶ್ನೆ ಕೇಳುತ್ತಾರೆ. ಡೆಂಗೆ ಜ್ವರದಲ್ಲಿ ಮೊದಲ ದಿನಗಳಲ್ಲಿ ಮಾಡುವ ಪರೀಕ್ಷೆ ಒಂದು, ಐದಾರು ದಿನ ಕಳೆದ ಮೇಲೆ ಮಾಡುವುದು ಇನ್ನೊಂದು. ಸುಮ್ಮನೆ ‘ಮೊನ್ನೆಯಿಂದ’ ಎನ್ನದೆ ದಿನವನ್ನು ಎಣಿಸಿ ಹೇಳಬೇಕು. ನುಂಗುತ್ತಿರುವ ಔಷಧಗಳನ್ನೂ ಹೇಳಬೇಕು.

ಕೊನೆಯದಾಗಿ, ಶಸ್ತ್ರಚಿಕಿತ್ಸೆಯಾದ ಮೇಲೆ ಹೊರಗೆ ಕಾಯುತ್ತಿದ್ದವರ ಕೈಗೆ ಒಂದು ಡಬ್ಬಿ ಕೊಟ್ಟು, ‘ಇದನ್ನು ಪ್ರಯೋಗಶಾಲೆಗೆ ಮುಟ್ಟಿಸಿ’ ಎನ್ನುವುದುಂಟು. ಒಳಗೆ ಗಂಟಿನ ತುಣುಕು, ಸುತ್ತ ನೀರಿನಂಥ ದ್ರವ. ಅದು ನೀರಲ್ಲ, ಫಾರ್ಮಲಿನ್. ತುಣುಕು ಕೊಳೆಯದಂತೆ ಕಾಪಾಡುವುದು ಅದೇ. ತುಣುಕಿನ ಹತ್ತು ಪಾಲಾದರೂ ಅದು ಇರಬೇಕು. ಸೋರುತ್ತದೆಂದು ಚೆಲ್ಲಬಾರದು, ನೀರು ಬೆರೆಸಬಾರದು. ಮುಚ್ಚಳವನ್ನು ಬಿಗಿಯಾಗಿ ಹಾಕಿಸಿಕೊಂಡು, ನಿಲ್ಲಿಸಿಕೊಂಡೇ ಒಯ್ಯಬೇಕು. ಅದೇ ತುಣುಕಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಪರೀಕ್ಷೆಯೂ ಇದ್ದರೆ, ಅದಕ್ಕೆ ಫಾರ್ಮಲಿನ್ ಇಲ್ಲದ ಬೇರೆ ಡಬ್ಬಿ ಬೇಕು. ಚೀಟಿಯಲ್ಲಿ ಹೆಸರಿನೊಡನೆ ಯಾವ ಅಂಗ, ಎಡವೋ ಬಲವೋ ಎಂಬುದು ಇದೆಯೇ ಎಂದು ನೋಡಿಕೊಳ್ಳಬೇಕು. ರಕ್ತವಾದರೆ ಮರುದಿನ ಮತ್ತೆ ತೆಗೆಯಬಹುದು. ಕತ್ತರಿಸಿ ತೆಗೆದ ತುಣುಕು ಒಂದೇ. ಅದು ಕಳೆದುಹೋದರೆ, ಬೇರೊಬ್ಬರದಾದರೆ, ಮತ್ತೆ ತರುವುದು ಎಲ್ಲಿಂದ? ಅದು ಕ್ಯಾನ್ಸರೋ ಅಲ್ಲವೋ ಎಂಬ ತೀರ್ಮಾನ ಆ ಡಬ್ಬಿಯೊಳಗಿದೆ.

ಇಷ್ಟೆಲ್ಲ ಆದ ಮೇಲೂ ಪ್ರಯೋಗಶಾಲೆಯವರು ಒಮ್ಮೊಮ್ಮೆ, ‘ಇದರ ಮೇಲೆ ಹೆಸರಿಲ್ಲ’, ‘ರಕ್ತದ ಕಣ ಒಡೆದಿದೆ’, ‘ಮತ್ತೆ ಮಾದರಿ ಕೊಡಿ’ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ನಮಗೆ ಕೋಪ ಬರುವುದು ಸಹಜ. ಬಸ್ಸಿನಲ್ಲಿ ಬಂದದ್ದು, ಹಸಿದುಕೊಂಡು ಕೂತದ್ದು ಎಲ್ಲ ನೆನಪಾಗುತ್ತದೆ. ಆದರೆ ಹೆಸರಿಲ್ಲದ ಕೊಳವೆಗೆ ಊಹೆಯಿಂದ ಒಂದು ಹೆಸರು ಹಚ್ಚಿ ವರದಿ ಕೊಟ್ಟುಬಿಡುವವರಿಗಿಂತ, ಆಗದು ಎನ್ನುವವರೇ ನಮಗೆ ಬೇಕಾದವರು. ವರದಿ ಕೈಗೆ ಬಂದಾಗ ಅಂಕಿಗಳಿಗಿಂತ ಮೊದಲು ತಲೆಬರಹವನ್ನು ಓದಿ: ಹೆಸರು, ವಯಸ್ಸು, ಗಂಡೋ ಹೆಣ್ಣೋ, ಮಾದರಿ ತೆಗೆದ ದಿನ ಮತ್ತು ಹೊತ್ತು. ಅಂಕಿ ಮನುಷ್ಯನಿಗೆ ಹೊಂದದಿದ್ದರೆ, ಎದುರಿಗೆ ನಗುನಗುತ್ತ ಕುಳಿತವನ ವರದಿ ಸಾಯುವ ಸ್ಥಿತಿಯನ್ನು ಹೇಳುತ್ತಿದ್ದರೆ, ವೈದ್ಯರನ್ನು ಕೇಳಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ವರದಿಯೊಂದನ್ನೇ ನಂಬಿ ನಾವಾಗಿ ಔಷಧ ಆರಂಭಿಸುವುದೂ ನಿಲ್ಲಿಸುವುದೂ ಸಲ್ಲದು.

ಕೇಳುಗರೇ, ಇದರಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ, ವಿದ್ಯೆಯೂ ಹೆಚ್ಚಿನದು ಬೇಕಿಲ್ಲ. ನಾಳೆ ನಿಮ್ಮ ಮನೆಯವರ ತೋಳಿನಿಂದ ಸೂಜಿ ಹೊರಬಂದಾಗ ಹತ್ತಿಯನ್ನು ಒತ್ತಿ ಹಿಡಿದು ಅಲ್ಲಿಯೇ ಒಂದು ಗಳಿಗೆ ನಿಲ್ಲಿ. ಕೊಳವೆಗೆ ಚೀಟಿ ಅಂಟಿಸುವುದನ್ನು ಕಣ್ಣಾರೆ ನೋಡಿ, ಅದರ ಮೇಲಿನ ಹೆಸರನ್ನು ಓದಿ, ಆಮೇಲೆ ಎದ್ದು ಬನ್ನಿ.